ಮರದ ಹಲಗೆಯಿದ್ದ ಐಸ್ ಪೆಟ್ಟಿಗೆಗಳು

ಯಾವ ಸೀಸೆ ಕೈಗೆ ಸಿಕ್ಕರೂ ಅದನ್ನು ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಒಳಗಿನದು ತಳಕ್ಕೆ ಇಳಿಯುತ್ತದೆಯೇ ಎಂದು ನೋಡುವ ಅಭ್ಯಾಸ ಅವರಿಗಿತ್ತು. ಇಂಕಿನ ಸೀಸೆ, ಕೆಮ್ಮಿನ ಔಷಧಿ, ತಲೆಗೆ ಹಚ್ಚುವ ಎಣ್ಣೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಹೋಟೆಲಿನಲ್ಲಿ ಮಾಣಿ ತಂದಿಟ್ಟ ಕಿತ್ತಳೆ ಜ್ಯೂಸಿನ ಬಾಟಲಿಯನ್ನು ಹಾಗೆಯೇ ಹಿಡಿದು ಕೂತಾಗ ಅವನು, "ಹುಳ ಏನಾದ್ರೂ ಬಿದ್ದಿದ್ಯಾ ಸಾರ್?" ಎಂದು ಗಾಬರಿಯಾದ. "ಇಲ್ಲ ಕಣಪ್ಪ, ಸುಮ್ನೆ," ಎಂದರು. ಮೊದಲ ದಿನ ನನ್ನ ಇನ್ಸುಲಿನ್ ಸೀಸೆಯನ್ನೂ ಹೀಗೇ ಅಲ್ಲಾಡಿಸಿ ನೋಡುತ್ತ ನಿಂತಾಗ, ಈ ಮನುಷ್ಯನಿಗೆ ಎಲ್ಲೋ ಒಂದು ಸ್ಕ್ರೂ ಸಡಿಲ ಎಂದುಕೊಂಡಿದ್ದೆ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ತಪ್ಪು ಮಾಡಿದವಳು ನಾನು, ಅವರ ಹೆಸರು ಯಾಕೆ ಎಳೆಯಲಿ.

ಅವರದು ರಾಜಾಜಿನಗರದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಒಂದು ತಗಡಿನ ಶೆಡ್ಡು. ಒಂದು ಪಕ್ಕ ಲೇತ್ ಮಿಷನ್ನಿನ ಕಿರುಚಾಟ, ಇನ್ನೊಂದು ಪಕ್ಕ ಪೇಂಟಿನ ವಾಸನೆ. ಹೊಟ್ಟೆಪಾಡಿಗೆ ಮನೆಗಳ ಫ್ರಿಜ್ ರಿಪೇರಿ ಮಾಡುತ್ತಿದ್ದರು. ಆದರೆ ಆ ಕೆಲಸದ ಬಗ್ಗೆ ಅವರಿಗೆ ಅಷ್ಟಕ್ಕಷ್ಟೆ. "ನಿಂತಲ್ಲೇ ನಿಂತಿರೋದನ್ನ ಯಾರು ಬೇಕಾದ್ರೂ ತಣ್ಣಗಿಡ್ತಾರೆ. ಓಡಾಡೋದನ್ನ ಇಡ್ಬೇಕು, ಅದು ಕೆಲಸ," ಎನ್ನುತ್ತಿದ್ದರು. ಕಾಡು ಮೇಡು ಸುತ್ತುವವರು, ಜೀಪಿನಲ್ಲಿ ಟೆಂಟು ಹೇರಿಕೊಂಡು ಹೋಗುವ ಸರ್ವೆಯವರು, ಬಂಡೆ ಹತ್ತುವ ಕಾಲೇಜು ಹುಡುಗರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಊರಿನಲ್ಲಿ ಆಗ ಇಂಥ ಪೆಟ್ಟಿಗೆ ಮಾಡುವವರು ಇನ್ನೊಬ್ಬರು ಇದ್ದರೋ ಇಲ್ಲವೋ, ನಾನಂತೂ ಕೇಳಿಲ್ಲ.

ನಾನು ಹೋದದ್ದು ಕೆಲಸ ಉಳಿಸಿಕೊಳ್ಳಲು. ಹತ್ತೊಂಬತ್ತನೇ ವಯಸ್ಸಿಗೇ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ದಿನಕ್ಕೆರಡು ಸಲ ಗಾಜಿನ ಸಿರಿಂಜು ಕುದಿಸಿ ಸೂಜಿ ಚುಚ್ಚಿಕೊಳ್ಳುವುದು ಹಲ್ಲುಜ್ಜಿದಷ್ಟೇ ಸಲೀಸಾಗಿತ್ತು. ಭೂಗರ್ಭ ವಿಜ್ಞಾನ ಓದಿ, ಅಂತರ್ಜಲ ಹುಡುಕುವ ಒಂದು ಕಚೇರಿಯಲ್ಲಿ ಸೇರಿದ್ದೆ. ಬೇಸಿಗೆಯಲ್ಲಿ ರಾಯಚೂರು ಕಡೆ ನಲವತ್ತು ದಿನದ ಫೀಲ್ಡು ಮುಗಿಸಿದರೆ ಮಾತ್ರ ಕೆಲಸ ಕಾಯಂ. ನಮ್ಮ ಸಾಹೇಬರು ಕೆಟ್ಟವರಲ್ಲ, ಒಳ್ಳೆಯ ಮಾತಿನಲ್ಲೇ ಕತ್ತು ಕೊಯ್ಯುವವರು. "ಆ ಬಿಸಿಲಲ್ಲಿ ನಿಮ್ಮ ಔಷಧಿ ಕೆಟ್ಟು ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ? ಈ ಕೆಲಸಾನೇ ನಿಮಗೆ ಬೇಡ ಬಿಡಿ, ಟೀಚರ್ ಆಗಿ," ಎಂದರು. ಔಷಧಿ ಕೆಡದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ಹೇಗೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಶೆಡ್ಡಿಗೆ ಹೋದರೆ ಅವರು ಪೆಟ್ಟಿಗೆ ತೋರಿಸುವ ಬದಲು ಪ್ರಶ್ನೆ ಕೇಳಿದರು. ಎಲ್ಲಿಗೆ, ಎಷ್ಟು ದಿನ, ರಸ್ತೆ ಎಂಥದ್ದು, ಒಳಗೇನಿಡುತ್ತೀರಿ. ಕೊನೆಗೆ, "ಮುಚ್ಚಳ ಯಾರು ತೆಗೀತಾರೆ?" ಎಂದರು.

"ನಾನೇ ಸಾರ್."

"ನೀವೊಬ್ರೇನಾ? ಜೀಪಿನ ಡ್ರೈವರ್ರು ಸೋಡಾ ಬಾಟಲಿ ಇಡಲ್ವಾ? ಬೀಗ ಹಾಕಿಸ್ಕೊಳ್ಳಿ. ಪೆಟ್ಟಿಗೆ ರಸ್ತೆಯಿಂದ ಕೆಡೋದು ಕಮ್ಮಿ, ಕೈಯಿಂದ ಕೆಡೋದೇ ಜಾಸ್ತಿ."

ಶೆಡ್ಡಿನಲ್ಲಿ ಆಗ ಯಾರೋ ದುಬೈಯಿಂದ ತಂದು ರಿಪೇರಿಗೆ ಬಿಟ್ಟಿದ್ದ ಪುಟ್ಟ ಫ್ರಿಜ್ ಒಂದಿತ್ತು. ಜೀಪಿನ ಬ್ಯಾಟರಿಗೆ ಸಿಕ್ಕಿಸಿದರೆ ಸಾಕು ಎಂದು ಕೇಳಿ ನನ್ನ ಕಣ್ಣು ಅದರ ಮೇಲೇ ಬಿತ್ತು. ಅವರು ನಕ್ಕರು. "ಜೀಪು ಓಡ್ತಾ ಇದ್ರೆ ರಾಜ. ನಿಮ್ಮ ಡ್ರೈವರ್ರು ಮಧ್ಯಾಹ್ನ ಊಟ ಮಾಡಿ ಮರದ ಕೆಳಗೆ ಮಲಗ್ತಾರಲ್ಲ, ಅವರ ಜೊತೆ ಬ್ಯಾಟರೀನೂ ಮಲಗುತ್ತೆ. ಆಮೇಲೆ ಜೀಪು ತಳ್ಳೋಕೆ ನೀವೇ ಇಳೀಬೇಕು." ಸೀಮೆಎಣ್ಣೆಯಲ್ಲಿ ಉರಿಯುವ ಫ್ರಿಜ್ ಇನ್ನೊಂದಿತ್ತು. ಅದು ಮಟ್ಟಸವಾದ ನೆಲದಲ್ಲಿ ಚೆನ್ನ, ಒಂದಿಷ್ಟು ವಾಲಿದರೂ ಮುನಿಸಿಕೊಳ್ಳುತ್ತದೆ ಎಂದರು. ಥರ್ಮೋಕೋಲ್ ಡಬ್ಬಿಯನ್ನು ಬೆರಳಿನಿಂದ ಮೀಟಿ, "ಇದು ಲಾಲ್‌ಬಾಗಿಗೆ ಹೋಗಿ ಚಿತ್ರಾನ್ನ ತಿಂದು ಬರೋಕೆ," ಎಂದು ಪಕ್ಕಕ್ಕಿಟ್ಟರು.

ಕೊನೆಗೆ ತಮ್ಮದನ್ನು ತೋರಿಸಿದರು. ಹೊರಗೆ ದಪ್ಪ ತಗಡು, ಒಳಗೆ ಇನ್ನೊಂದು ತಗಡು, ನಡುವೆ ಒತ್ತಿ ತುಂಬಿದ ಥರ್ಮೋಕೋಲು. ಮುಚ್ಚಳದ ಅಂಚಿಗೆ ಜೀಪಿನ ಹಳೆಯ ಟ್ಯೂಬು ಕತ್ತರಿಸಿ ಅಂಟಿಸಿದ್ದರು. ಕರೆಂಟಿಲ್ಲ, ಬೆಂಕಿಯಿಲ್ಲ, ಮೂರು ದಿನಕ್ಕೊಮ್ಮೆ ಐಸ್ ಹಾಕಿದರಾಯಿತು. ಡೀಸೆಲಿಗೆ ಜೀಪು ತಾಲ್ಲೂಕಿಗೆ ಹೋದಾಗ ಐಸೂ ತರಬಹುದು. "ಒಳಗೆ ಏನೂ ಇಲ್ಲ, ಹಾಗಾಗಿ ಕೆಡೋಕೂ ಏನಿಲ್ಲ," ಎಂದರು. ನನಗಾಗಿ ಅದರೊಳಗೆ ಒಂದು ಮರದ ಹಲಗೆ ನಿಲ್ಲಿಸಿ ಎರಡು ಭಾಗ ಮಾಡಿಕೊಡುತ್ತೇನೆ, ಒಂದು ಕಡೆ ಐಸು, ಇನ್ನೊಂದು ಕಡೆ ಸೀಸೆ ಎಂದರು. ಹಲಗೆ ಬಂದರೆ ಐಸಿಗೆ ಜಾಗ ಕಡಿಮೆಯಾಗುತ್ತದೆಯಲ್ಲ ಎಂದೆ. "ಆಗ್ಲಿ," ಎಂದರು. ಅಷ್ಟೇ.

ಪೆಟ್ಟಿಗೆ ಕೊಡುವ ಮೊದಲು ಅದಕ್ಕೆ ಪರೀಕ್ಷೆ. ತಳದಲ್ಲಿ ಮೂರು ಮೊಟ್ಟೆ ಇಟ್ಟು, ಐಸ್ ತುಂಬಿ, ಪರಿಚಯದವನ ಟೆಂಪೋದಲ್ಲಿ ಹೇರಿ, ಶ್ರೀಗಂಧದ ಕಾವಲ್ ಕಡೆಯಿಂದ ಮಲ್ಲತ್ತಹಳ್ಳಿ ಕೆರೆಯವರೆಗೆ ಹೋಗಿಬರುವುದು. ಆ ದಾರಿಯಲ್ಲಿ ಕಲ್ಲಿನ ಲಾರಿ ಓಡಾಡಿ ಹಳ್ಳ ಬಿದ್ದದ್ದೇ ಜಾಸ್ತಿ, ರಸ್ತೆ ಇದ್ದದ್ದು ಕಡಿಮೆ. ಮೊಟ್ಟೆ ಒಡೆದರೆ ಪೆಟ್ಟಿಗೆ ಫೇಲು. ಅವರು ಮೊಟ್ಟೆ ಮುಟ್ಟದ ಮನೆತನದವರು. ಕೊಳ್ಳುವುದು, ಇಡುವುದು, ತೆಗೆಯುವುದು ಎಲ್ಲ ಟೆಂಪೋದವನ ಕೈಯಿಂದ, ಪಾಸಾದ ಮೊಟ್ಟೆಗಳೂ ಅವನಿಗೇ. ಹಾಗಾಗಿ ಅವನು ಮಾತ್ರ ಪೆಟ್ಟಿಗೆ ಪಾಸಾಗಲಿ ಎಂದು ಮನಸಾರೆ ಬೇಡಿಕೊಳ್ಳುತ್ತಿದ್ದ. ನನ್ನ ಪೆಟ್ಟಿಗೆಯ ಪರೀಕ್ಷೆಗೆ ನಾನೂ ಹೋಗಿದ್ದೆ. ಮೂರೂ ಮೊಟ್ಟೆ ಉಳಿದಿದ್ದವು, ಹಲಗೆಯೂ ನೆಟ್ಟಗೆ ನಿಂತಿತ್ತು.

ಕೆರೆಯ ದಂಡೆಯಲ್ಲಿ ಟೆಂಪೋದವನು ಬೀಡಿ ಹಚ್ಚಿಕೊಂಡು ಅತ್ತ ಹೋದಾಗ, ಆ ಹಲಗೆ ಯಾಕೆ ಎಂದು ಮತ್ತೆ ಕೇಳಿದೆ. ನನ್ನದು ಕಾರಣ ತಿಳಿಯದಿದ್ದರೆ ನಿದ್ದೆ ಬಾರದ ಜಾತಿ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ನೀರು ನೋಡುತ್ತ ಹೇಳಿದರು.

ಕೆಲವು ವರ್ಷದ ಹಿಂದೆ ಒಂದು ವೈದ್ಯರ ತಂಡ ಗುಡ್ಡಗಾಡಿನ ನಾಲ್ಕು ಹಟ್ಟಿಗಳಿಗೆ ಹೋಗಿತ್ತು. ಹುಟ್ಟುವ ಮಕ್ಕಳಿಗೆ ಧನುರ್ವಾಯು ಬಾರದಂತೆ ಬಸುರಿಯರಿಗೆ ಚುಚ್ಚುಮದ್ದು ಹಾಕಲು. ಪೆಟ್ಟಿಗೆ ಇವರದು. ತಮ್ಮ ಪೆಟ್ಟಿಗೆಯ ತಂಪು ನೋಡುವ ಹೆಮ್ಮೆಗೆ ಇವರೂ ಜೀಪು ಹತ್ತಿದ್ದರು. ಹೊರಡುವಾಗ ನರ್ಸಮ್ಮ, ಇಷ್ಟು ಐಸು ಸಾಕಲ್ಲವೇ ಎಂದಳಂತೆ. ಇವರು ಐಸ್ ಫ್ಯಾಕ್ಟರಿಯಿಂದ ಆಗಷ್ಟೇ ತೆಗೆದ ಇನ್ನೆರಡು ಗಡ್ಡೆ ಹಾಕಿಸಿದರು. ಹಟ್ಟಿಯಲ್ಲಿ ಮುಚ್ಚಳ ತೆಗೆದರೆ ಮದ್ದು ಸೀಸೆಯಲ್ಲೇ ಕಲ್ಲಾಗಿತ್ತು. ನೋಡಿ ಎಲ್ಲರೂ ಇವರ ಬೆನ್ನು ತಟ್ಟಿದರು. ಅಂಗೈಯಲ್ಲಿಟ್ಟು ಕರಗಿಸಿ, ಬಸುರಿಯರಿಗೆಲ್ಲ ಹಾಕಿ ಬಂದರು.

"ಮುಂದಿನ ತಿಂಗಳು ಇನ್ನೊಬ್ಬ ಡಾಕ್ಟರು ಫ್ರಿಜ್ ರಿಪೇರಿಗೆ ಅಂತ ಬಂದ್ರು. ಮಾತಿಗೆ ಮಾತು ಬಂತು. ಆ ಮದ್ದು ಒಂದ್ಸಲ ಗಟ್ಟಿಯಾಗಿಬಿಟ್ರೆ ಮುಗೀತು, ಆಮೇಲೆ ನೀರು ಚುಚ್ಚಿದ ಹಾಗೇನೇ ಅಂದ್ರು. ಕರಗಿದ ಮೇಲೆ ನೋಡೋಕೆ ಮಾತ್ರ ಮೊದಲಿನ ಥರಾನೇ ಇರುತ್ತಂತೆ. ಅಲ್ಲಾಡಿಸಿ ಇಟ್ರೆ ಚೂರು ಚೂರಾಗಿ ಬೇಗ ತಳಕ್ಕಿಳಿಯುತ್ತಂತೆ, ಅದೊಂದೇ ಗುರುತು."

ಆಮೇಲೆ ಅವರು ಒಬ್ಬರೇ ಬಸ್ಸು ಹಿಡಿದು ಆ ಹಟ್ಟಿಗಳಿಗೆ ಹೋದರಂತೆ. ತಂಡದವರಿಗೆ ಹೇಳಿದರೆ, ಬಿಡಿ ಸಾರ್, ಏನಾಗಲ್ಲ ಎಂದಿದ್ದರು. ಒಂದು ಮನೆಯಲ್ಲಿ ಕೂಸು ಎಂಟನೇ ದಿನಕ್ಕೆ ಬಾಯಿ ಬಿಗಿದುಕೊಂಡು ಮೊಲೆ ಹಿಡಿಯದೆ ಹೋಗಿತ್ತು. ಆ ತಾಯಿ ಇವರಿಗೆ ಮಜ್ಜಿಗೆ ಕೊಟ್ಟು, ದೇವರ ಇಚ್ಛೆ ಸ್ವಾಮಿ ಎಂದಳಂತೆ.

"ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿಂದ ಆಯ್ತೋ, ನನ್ನ ಪೆಟ್ಟಿಗೆಯಿಂದ ಆಯ್ತೋ. ನಿನ್ನಿಂದ ಅಂತ ಯಾರೂ ಹೇಳಲ್ಲ. ಅಲ್ಲ ಅಂತಾನೂ ಯಾರೂ ಹೇಳಲ್ಲ. ಬಿಸಿಗೆ ಕೆಟ್ಟಿದ್ದು ನಾರುತ್ತೆ ಕಣಮ್ಮ, ತಿಳಿಯುತ್ತೆ. ತಣ್ಣಗೆ ಕೆಟ್ಟಿದ್ದು ತಿಳಿಯೋದಿಲ್ಲ."

ಅವರು ನನ್ನ ಇನ್ಸುಲಿನ್ ಸೀಸೆ ಕೇಳಿ ಪಡೆದು, ನಿಧಾನ ಅಲ್ಲಾಡಿಸಿ, ಸರಿ ಇರುವುದು ಹೇಗೆ ಹಾಲಿನಂತೆ ಒಂದೇ ಸಮ ಇರುತ್ತದೆ ಎಂದು ತೋರಿಸಿಕೊಟ್ಟರು. "ದಿನಾ ಹೀಗೆ ನೋಡಿ. ಬಂದ ಮೇಲೆ ನನಗೆ ಹೇಳ್ಬೇಕು, ಹೇಗಿತ್ತು ಅಂತ. ಇದೊಂದು ಸರಿಯಾದ್ರೆ ಔಷಧಿಗೆ ಅಂತ ಕೇಳೋರಿಗೆಲ್ಲ ಹೀಗೇ ಮಾಡ್ಕೊಡ್ತೀನಿ," ಎಂದರು.

ರಾಯಚೂರಿನ ಬಿಸಿಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಕಂಡವರಿಗೆ ಗೊತ್ತು. ಮೂರು ವಾರ ಎಲ್ಲ ಸುಸೂತ್ರ. ನಾಲ್ಕನೇ ವಾರ ಒಂದು ಹಳ್ಳದ ಉರುಳುಗಲ್ಲಿನ ಮೇಲೆ ಇಡೀ ದಿನ ಜೀಪು ಓಡಿತು. ಮರುದಿನ ಬೆಳಗ್ಗೆ ಮುಚ್ಚಳ ತೆಗೆದರೆ, ಹಲಗೆಗೆ ಆಸರೆಯಾಗಿದ್ದ ಎರಡು ಮರದ ಬೆಣೆಗಳೂ ಉದುರಿ, ಹಲಗೆ ಮಲಗಿತ್ತು. ಹಿಂದಿನ ದಿನವಷ್ಟೇ ಹಾಕಿದ್ದ ಐಸಿನ ಗಡ್ಡೆ ಸೀಸೆಗಳ ಮೇಲೆ ಕೂತಿತ್ತು. ಟವೆಲಿನಲ್ಲಿ ಸುತ್ತಿದ್ದ ಎರಡು ಉಳಿದಿದ್ದವು. ಹೊರಗಿದ್ದ ಎರಡನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸಿದೆ. ಒಡೆದ ಹಾಲಿನ ಹಾಗೆ ಚೂರುಗಳು ಸರಸರನೆ ಇಳಿದವು. ಆ ಎರಡನ್ನು ಮಣ್ಣಿನಲ್ಲಿ ಹೂತೆ. ಉಳಿದ ಎರಡು, ಉಳಿದ ದಿನಗಳಿಗೆ ಅಂತೂ ಇಂತೂ ಸಾಕಾದವು. ಜೊತೆಯವರಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಅದು ಸಾಹೇಬರ ಕಿವಿಗೆ ಬೀಳುತ್ತಿತ್ತು. ನಾನು ಮಾತು ಉಳಿಸಿಕೊಂಡೆ ಎಂದು ಅವರೇ ಕಾಯಂ ಕಾಗದಕ್ಕೆ ಸಹಿ ಹಾಕಿದರು.

ಊರಿಗೆ ಬಂದ ವಾರದಲ್ಲೇ ಶೆಡ್ಡಿಗೆ ಹೋದೆ. ಅವರು ಬೆಸುಗೆ ಹಾಕುತ್ತಿದ್ದ ಕೆಲಸ ಬಿಟ್ಟು ಎದ್ದು ಬಂದರು. ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದರು.

"ಏನಮ್ಮ, ಹೇಗಿತ್ತು? ಗಟ್ಟಿಯಾಗ್ಲಿಲ್ಲ ತಾನೆ?"

ಆ ಮುಖ ನೋಡಿ ನನಗೆ ಬಾಯಿ ಬರಲಿಲ್ಲ ಎಂದು ಬರೆದರೆ ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ಬೀದಿಯಲ್ಲಿ ನಮ್ಮ ಕಚೇರಿಗೆ ಕೊಳವೆ ಸಾಮಾನು ಕೊಡುವವರಿದ್ದರು, ಸುದ್ದಿ ಹೋಗಿಬಿಟ್ಟರೆ ಎಂಬ ಹೆದರಿಕೆ. "ಚೆನ್ನಾಗಿತ್ತು ಸಾರ್. ಏನೂ ಆಗ್ಲಿಲ್ಲ," ಎಂದೆ. ಅವರು ಎರಡು ಸಲ ತಲೆಯಾಡಿಸಿದರು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು, ಬಲವಂತ ಮಾಡಿ ನನಗೆ ಸಕ್ಕರೆಯಿಲ್ಲದ ಕಾಫಿ ಕುಡಿಸಿದರು.

ಹಲಗೆಯ ಪೆಟ್ಟಿಗೆಗಳು ಆರು ತಯಾರಾದವು, ಔಷಧಿ ಇಡದವರೂ ಅದನ್ನೇ ಕೇಳಿ ಒಯ್ದರು. ಆಗಸ್ಟಿನಲ್ಲಿ ಒಂದು ಸಂಜೆ ನಾನು ಶೆಡ್ಡಿನಲ್ಲಿದ್ದಾಗಲೇ ಜೀಪಿನಲ್ಲಿ ಒಬ್ಬರು ಬಂದರು. ಕೊಳ್ಳೇಗಾಲದ ಆಚೆ ಬೆಟ್ಟದಲ್ಲಿ ರಸ್ತೆ ಕೆಲಸದ ಗುತ್ತಿಗೆ, ಸಂಸಾರವೂ ಅಲ್ಲೇ ಟೆಂಟಿನಲ್ಲಿ. ಹತ್ತು ವರ್ಷದ ಮಗಳಿಗೆ ನನ್ನದೇ ಕಾಯಿಲೆ, ನನ್ನದೇ ಔಷಧಿ. ಇವರು ಆತನಿಗೆ ನನ್ನ ಗುರುತು ಹೇಳಿ, "ಇವರೇ ಮೊದಲು ಒಯ್ದಿದ್ದು, ಕೇಳಿ," ಎಂದರು. ಆತ ನನ್ನ ಕಡೆ ತಿರುಗಿದರು.

"ನಂಬಬಹುದಾ ಮೇಡಂ?"

"ನಂಬಬಹುದು," ಎಂದೆ. ಒಮ್ಮೆ ಹೇಳಿದ ಸುಳ್ಳಿಗೆ ಎರಡನೇ ಸಲ ನಾಲಗೆ ತಡೆಯುವುದೂ ಇಲ್ಲ. ಆತ ಪೆಟ್ಟಿಗೆಯನ್ನು ಜೀಪಿಗೆ ಹೇರಿಕೊಂಡು, ನನಗೆ ಕೈ ಮುಗಿದು ಹೋದರು. ವಿಳಾಸ ಯಾರೂ ಕೇಳಲಿಲ್ಲ.

ನವೆಂಬರಿನಲ್ಲಿ ನನಗೆ ಮತ್ತೆ ಫೀಲ್ಡಿನ ಆರ್ಡರ್ ಬಂತು. ವಿಜಯನಗರದ ನಮ್ಮ ಮನೆಯ ವರಾಂಡದಲ್ಲಿ ಕೂತು, ನನ್ನ ಪೆಟ್ಟಿಗೆಯ ಹಲಗೆಗೆ ತೂತು ಕೊರೆದು ತಾಮ್ರದ ತಂತಿಯಿಂದ ಬಿಗಿಯುತ್ತಿದ್ದೆ. ಅಪ್ಪ ಪೇಪರಿನ ಮೇಲಿಂದ ನೋಡಿ, "ಇದನ್ನ ಅವರಿಗೇ ಕೊಟ್ರೆ ಮಾಡ್ಕೊಡಲ್ವೇನೇ?" ಎಂದರು. ನನ್ನ ಕೈ ನಿಂತಿತು. ನನ್ನದೊಂದನ್ನು ಕದ್ದು ಭದ್ರ ಮಾಡಿಕೊಳ್ಳುತ್ತಿದ್ದೆ, ಉಳಿದವರದು ಹಾಗೇ ಇತ್ತು. ಅಷ್ಟು ಹೊತ್ತಿನವರೆಗೆ ಅದು ನನಗೆ ಹೊಳೆದಿರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ತಂತಿ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದೆ.

ಅವರು ತಗಡು ಕತ್ತರಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕತ್ತರಿ ಕೆಳಗಿಟ್ಟು, "ಯಾವಾಗ ಆಗಿದ್ದು?" ಎಂದು ಕೇಳಿದರು. ಏಪ್ರಿಲಿನಲ್ಲಿ ಎಂದೆ. ಬೆರಳು ಮಡಿಸಿ ತಿಂಗಳು ಎಣಿಸಿದರು. ಏಳಕ್ಕೆ ಬಂದು ನಿಂತರು.

"ನನಗೆ ಯಾರೂ ಹೇಳಿರ್ಲಿಲ್ಲ," ಎಂದರು. "ನಿಮಗೆ ಗೊತ್ತಿತ್ತು."

ಇದರ ಮೇಲೆ ಅವರು ಆ ವಿಷಯವಾಗಿ ನನಗೆ ಒಂದು ಕಟು ಮಾತೂ ಆಡಲಿಲ್ಲ, ಆಮೇಲಿನ ಐದು ವರ್ಷದಲ್ಲಿ ಕೂಡ. ಅವತ್ತೇ ಶೆಡ್ಡಿಗೆ ಬೀಗ ಹಾಕಿದರು. ನಾನೂ ಬರುತ್ತೇನೆ ಎಂದೆ, ಬೇಡ ಎನ್ನಲಿಲ್ಲ. ಮೂರು ಪೆಟ್ಟಿಗೆ ಬೆಟ್ಟ ಹತ್ತುವ ಹುಡುಗರ ಹತ್ತಿರ ಸಿಕ್ಕವು, ಅವುಗಳಲ್ಲಿ ಬಾಳೆಹಣ್ಣು ಬೆಣ್ಣೆ ಬಿಟ್ಟು ಇನ್ನೇನೂ ಹೋಗಿರಲಿಲ್ಲ. ಒಂದು ಬಸವೇಶ್ವರನಗರದ ಒಬ್ಬ ಫೋಟೋಗ್ರಾಫರ ಮನೆಯಲ್ಲಿತ್ತು, ಫಿಲ್ಮು ಇಡುತ್ತಿದ್ದರು. ಇನ್ನೊಂದು ಕೆಂಗೇರಿಯ ದನದ ಡಾಕ್ಟರದು. ಅವರನ್ನು ಹಲಗೆ ಎಲ್ಲಿ ಎಂದು ಕೇಳಿದರೆ, "ಅದಾ? ಜಾಗ ತಿನ್ನುತ್ತೆ ಅಂತ ಮೊದಲನೇ ವಾರಾನೇ ಕಿತ್ತು ಒಲೆಗೆ ಹಾಕಿದ್ವಿ. ಸಖತ್ ತಣ್ಣಗಿರುತ್ತೆ ಸಾರ್ ನಿಮ್ಮ ಪೆಟ್ಟಿಗೆ," ಎಂದರು. ಇವರು ಹಾಗೇ ಅವರ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಸೀಸೆ ಅಲ್ಲಾಡಿಸಿ ನೋಡುವುದು ಹೇಗೆಂದು ಆ ಡಾಕ್ಟರಿಗೆ ಹೇಳಿಕೊಟ್ಟರು. ಕಲಿತವರಿಗೆ ಕಲಿಸುವಾಗ ಇರಬೇಕಾದ ಸಂಕೋಚ ಅವತ್ತು ಅವರಲ್ಲಿರಲಿಲ್ಲ.

ಆರನೆಯದು ಸಿಗಲಿಲ್ಲ. ಕೊಳ್ಳೇಗಾಲಕ್ಕೆ ಹೋದೆವು, ಅಲ್ಲಿಂದ ಬೆಟ್ಟದ ಬಸ್ಸು ಹಿಡಿದೆವು. ರಸ್ತೆ ಕೆಲಸ ಮುಗಿದಿತ್ತು. ಟೆಂಟು ಹಾಕಿದ್ದ ಜಾಗದಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು ಮಾತ್ರ ಇತ್ತು. ಟೀ ಅಂಗಡಿಯಾಕೆಗೆ ಆ ಸಂಸಾರದ ನೆನಪಿತ್ತು. "ಹೆಣ್ಣು ಮಗ ಒಂದಿತ್ತು, ಹುಷಾರಿರ್ಲಿಲ್ಲ ಅಂತ ಬೇಗ ಹೊರಟೋದ್ರು," ಎಂದಳು. ಹುಷಾರಿಲ್ಲದ್ದು ಕಾಯಿಲೆಯಿಂದಲೋ, ಚುಚ್ಚಿದ್ದು ಕೆಟ್ಟದ್ದರಿಂದಲೋ, ಬರೀ ಜ್ವರವೋ, ಅವಳಿಗೇನು ಗೊತ್ತು. ಎಲ್ಲಿಗೆ ಹೋದರು ಎಂಬುದೂ ಗೊತ್ತಿರಲಿಲ್ಲ. ವಾಪಸು ಬಸ್ಸು ಹತ್ತಿದೆವು. ಅರ್ಧ ದಾರಿ ದಾಟಿದ ಮೇಲೆ ಅವರು, "ನಿಮಗೂ ಬಂತು ನೋಡಿ ನನ್ನ ಕಾಯಿಲೆ," ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. ಮರುಕವಿತ್ತು, ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ಪೆಟ್ಟಿಗೆ ಮಾಡುವುದನ್ನು ಅವರು ನಿಲ್ಲಿಸಿದರು. ಉಳಿದಿದ್ದ ತಗಡಿನಲ್ಲಿ ಒಂದು ಬೋರ್ಡು ಕತ್ತರಿಸಿ, ತಾವೇ ಬರೆದು ಶೆಡ್ಡಿನ ಮುಂದೆ ಕಟ್ಟಿದರು. "ಮರದ ಹಲಗೆಯಿರುವ ಐಸ್ ಪೆಟ್ಟಿಗೆ ಕೊಂಡವರು ದಯವಿಟ್ಟು ಬಂದು ಕಾಣಿ. ಔಷಧಿ ಕೆಡುವ ಸಂಭವವಿದೆ." ತನ್ನ ಮಾಲು ಸರಿಯಿಲ್ಲ ಎಂದು ತಾನೇ ಬೋರ್ಡು ಹಾಕಿದವನನ್ನು ಆ ಬೀದಿ ಕಂಡಿರಲಿಲ್ಲ. ಲೇತ್ ಶೆಡ್ಡಿನವರು ನಕ್ಕರು. ಫ್ರಿಜ್ ರಿಪೇರಿಗೆ ಬರುವವರೂ ಕಡಿಮೆಯಾದರು. ಪ್ರತಿ ವರ್ಷ ಆಯುಧಪೂಜೆಗೆ ಎಲ್ಲರೂ ಮಿಷನ್ನು ತೊಳೆಯುವಾಗ ಇವರು ಆ ಬೋರ್ಡಿಗೆ ಹೊಸ ಬಣ್ಣ ಹೊಡೆಯುತ್ತಿದ್ದರು.

ತಿಥಿಯ ಊಟಕ್ಕೆ ಹೋದಾಗ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದರು. "ಕೊನೆಗೊನೆಗೆ ಜೀಪಿನ ಸದ್ದು ಕೇಳಿದ್ರೆ ಸಾಕು, ಯಾರು ನೋಡು ಅನ್ನೋರಮ್ಮ. ಶೆಡ್ಡು ಖಾಲಿ ಮಾಡ್ಬೇಕು. ಆ ಬೋರ್ಡು ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ," ಎಂದರು. ನಾನೇ ಒಯ್ಯುತ್ತೇನೆ ಎಂದೆ.

ಈಗ ಅದು ನಮ್ಮ ಮನೆಯ ಗೇಟಿನಲ್ಲಿದೆ. ಕೆಳಗೆ ನನ್ನ ಹೆಸರನ್ನೂ ಮನೆ ನಂಬರನ್ನೂ ಬರೆಸಿದ್ದೇನೆ. ಜನ ಏನಂದುಕೊಳ್ಳುತ್ತಾರೆ ಎಂದು ಅಪ್ಪ ಎರಡು ದಿನ ಗೊಣಗಿ ಸುಮ್ಮನಾದರು. ಇದು ಮಾರ್ಚ್ ತಿಂಗಳು. ಬೆಳಗ್ಗೆ ನಾನು ಕಚೇರಿಗೆ ಹೊರಡುವ ಹೊತ್ತಿಗೆ ಹುಡುಗಿಯರು ರಟ್ಟು ಹಿಡಿದುಕೊಂಡು, ಬಾಯಲ್ಲೇ ಉರು ಹೊಡೆಯುತ್ತ ಪರೀಕ್ಷೆಗೆ ಹೋಗುತ್ತಾರೆ. ಗೇಟಿನಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ನಾನು ಆ ಮಗುವನ್ನು ಕಂಡೇ ಇಲ್ಲ, ಕಂಡರೂ ಗುರುತು ಸಿಗುವುದಿಲ್ಲ. ಇದ್ದರೆ ಅವಳೂ ಈ ವರ್ಷ ಎಸ್ಸೆಸ್ಸೆಲ್ಸಿ.